ಎಂಟನೇ ತಿಂಗಳ ಸ್ಕ್ಯಾನಿಂಗ್ ಆದ ಮೇಲೆ

ಮಗಳೇ,

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಎಲ್ಲ ಸರಿಯಿತ್ತು, ಎಂಟನೆಯದರಲ್ಲಿ ಮಗುವಿನ ತಲೆಯಲ್ಲಿ ‘ವೇನ್ ಆಫ್ ಗೇಲನ್ ಮಾಲ್‌ಫಾರ್ಮೇಶನ್’ ಎಂಬ ರಕ್ತನಾಳದ ದೋಷವಿದೆ ಅಂದರು. ಹಾಗಾದರೆ ಮೊದಲಿನವರು ನೋಡಿದ್ದೇನು ಎಂದು ಬರೆದಿದ್ದೀಯೆ. ಅವರ ಮೇಲೆ ಸಿಟ್ಟು ಬೇಡ. ಈ ದೋಷ ಶುರುವಾಗುವುದು ಗರ್ಭದ 6ರಿಂದ 11ನೇ ವಾರದೊಳಗೇ ಆದರೂ ರಕ್ತನಾಳ ಕಣ್ಣಿಗೆ ಬೀಳುವಷ್ಟು ಹಿಗ್ಗುವುದು ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. ಆಗಲೂ ಅದು ಬರೀ ನೀರಿನ ಗುಳ್ಳೆಯಂತೆ ಕಾಣಬಹುದು. ಕಲರ್ ಡಾಪ್ಲರ್ ಹಾಕಿದರೆ ಮಾತ್ರ ಒಳಗೆ ರಕ್ತ ಭೋರ್ಗರೆಯುತ್ತಿರುವುದು ತಿಳಿಯುತ್ತದೆ.

ಇದು ಗ್ರಹಣದಿಂದ, ಪಪ್ಪಾಯಿಯಿಂದ ಬಂತು ಎಂದು ಮನೆಗೆ ಬಂದವರು ಹೇಳುವುದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡು.

ತಲೆಯ ದೋಷಕ್ಕೆ ಹೃದಯದ ಎಕೋ ಯಾಕೆ ಎಂದು ಕೇಳಿದ್ದೀಯೆ. ಇಲ್ಲಿ ಅಪಧಮನಿಯ ರಕ್ತ ಸೂಕ್ಷ್ಮನಾಳಗಳ ಜಾಲ ದಾಟದೆ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ಮಗು ಹೊಟ್ಟೆಯಲ್ಲಿರುವಷ್ಟು ದಿನ ಮಾಸೂ ರಕ್ತವನ್ನು ತನ್ನತ್ತ ಸೆಳೆಯುವುದರಿಂದ ಹೇಗೋ ತೂಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಆ ಸೆಳೆತ ನಿಂತು, ರಕ್ತದ ಬಹುಪಾಲು ತಲೆಗೇ ಹರಿದು, ಪುಟ್ಟ ಹೃದಯ ಸೋಲಬಹುದು. ಎಲ್ಲ ಮಕ್ಕಳಿಗೂ ಹಾಗಾಗುವುದಿಲ್ಲ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಪಿಯೇರ್ ಲಾಸ್ಜೋನಿಯಾಸ್ ನವಜಾತ ಶಿಶುಗಳಿಗೆಂದು 21 ಅಂಕಗಳ ಲೆಕ್ಕವೊಂದನ್ನು ರೂಪಿಸಿದರು. ಹೃದಯ, ಮಿದುಳು, ಉಸಿರಾಟ, ಯಕೃತ್ತು, ಮೂತ್ರಪಿಂಡ ನೋಡಿ ಅಂಕ ಕೊಡುತ್ತಾರೆ. 12ಕ್ಕಿಂತ ಹೆಚ್ಚು ಬಂದರೆ ಐದು ತಿಂಗಳವರೆಗೆ ಕಾಯಬಹುದು; 8ರಿಂದ 12 ಬಂದರೆ ತುರ್ತಾಗಿ ಕ್ಯಾತಿಟರ್ ತೂರಿಸಿ ನಾಳ ಮುಚ್ಚಬೇಕು. ಅವಸರ ಪಡದಿರುವುದೂ ಚಿಕಿತ್ಸೆಯೇ ಎಂದು ಕಲಿಸಿದ್ದು ಅವರ ದೊಡ್ಡ ಉಪಕಾರ.

ಬಾಸ್ಟನ್ನಿನ ಸುದ್ದಿ ಓದಿರುತ್ತೀಯೆ. 2023ರ ಮಾರ್ಚ್‌ನಲ್ಲಿ ಡಾ. ಡ್ಯಾರೆನ್ ಓರ್ಬಾಕ್ ಮತ್ತು ತಂಡ 34 ವಾರ ತುಂಬಿದ ಮಗುವಿಗೆ, ತಾಯಿಯ ಹೊಟ್ಟೆಯೊಳಗಿರುವಾಗಲೇ ಸೂಜಿ ಹಾಯಿಸಿ, ಹಿಗ್ಗಿದ ನಾಳದಲ್ಲಿ ಲೋಹದ ಸುರುಳಿ ತುಂಬಿದರು. ಎರಡು ದಿನದಲ್ಲಿ ಹೆರಿಗೆಯಾಯಿತು. ಮಗುವಿನ ಹೃದಯಕ್ಕೆ ಔಷಧದ ಆಸರೆಯೂ ಬೇಕಾಗಲಿಲ್ಲ. ಆದರೆ ಅದು ಅಪಾಯ ಹೆಚ್ಚಿರುವ ಮಕ್ಕಳನ್ನೇ ಆರಿಸಿ ನಡೆಸಿದ ಪ್ರಯೋಗ. ಅದು ಇಲ್ಲಿಲ್ಲವಲ್ಲ ಎಂದು ಕೊರಗಬೇಡ.

ನಿನ್ನ ಕೈಯಲ್ಲಿರುವುದು ಹೆರಿಗೆಯ ಜಾಗ. ನವಜಾತ ಶಿಶುಗಳ ಐಸಿಯು ಇರುವ ಕಡೆ ಹೆಸರು ಬರೆಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ನಾಳಗಳಿಗೆ ಕ್ಯಾತಿಟರ್ ಚಿಕಿತ್ಸೆ ನೀಡುವ ವಿಭಾಗವಿದೆ. ಹೆರಿಗೆ ಡಾಕ್ಟರು ಅಂಥ ತಂಡದೊಂದಿಗೆ ಈಗಲೇ ಮಾತಾಡಿರಲಿ. ಎಂಆರ್‌ಐಯಲ್ಲಿ ಮಿದುಳೇ ಸವೆದಿದೆ ಎಂದು ಕಂಡರೆ ಮಾತು ಬೇರೆ: ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, 24 ವಾರ ದಾಟಿದ ಮೇಲೆ ಗರ್ಭಪಾತದ ಪ್ರಶ್ನೆ ವೈದ್ಯಕೀಯ ಮಂಡಳಿಯ ಮುಂದೆ ಹೋಗುತ್ತದೆ. ಅದನ್ನೂ ಅಳುಕದೆ ಕೇಳು. ಡಾಕ್ಟರರ ಬಳಿ ಹೋಗುವಾಗ ರಿಪೋರ್ಟಿನ ಹಾಳೆಯಷ್ಟೇ ಅಲ್ಲ, ಎಂಆರ್‌ಐ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗು.