ದಾರಿಯ ಬುತ್ತಿ

ಹವಾಯಿ ದ್ವೀಪಗಳಲ್ಲಿ 1978ರಲ್ಲಿ ಐರನ್‌ಮನ್ ಎಂಬ ಪಂದ್ಯವು ಆರಂಭವಾಯಿತು. ಒಂದೇ ದಿನದಲ್ಲಿ ಸಮುದ್ರದೊಳಗೆ 2.4 ಮೈಲು ಈಜಿ, 112 ಮೈಲು ಸೈಕಲ್ ತುಳಿದು, ಕಡೆಗೆ 26 ಮೈಲಿಗೂ ಮಿಕ್ಕಿ ಓಡಬೇಕು.

1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿಯು ತನ್ನ ವ್ಯಾಸಂಗದ ಪ್ರಬಂಧಕ್ಕೋಸ್ಕರ ಮೊದಲನೆಯ ಸಾರಿ ಇದಕ್ಕೆ ಇಳಿದಳು. ಸ್ತ್ರೀಯರೆಲ್ಲರಿಗಿಂತ ಮುಂದಾಗಿ ಓಡುತ್ತಿದ್ದವಳು ಗುರಿಯನ್ನು ಸಮೀಪಿಸಿದಾಗ ಬಿದ್ದಳು, ಎದ್ದಳು, ಪುನಃ ಬಿದ್ದಳು. ಅಷ್ಟರಲ್ಲಿ ಕ್ಯಾತ್‌ಲೀನ್ ಮೆಕಾರ್ಟ್ನಿ ಎಂಬಾಕೆಯು ಅವಳನ್ನು ದಾಟಿ ಗೆದ್ದಳು. ಜೂಲಿಯು ಅಂಬೆಗಾಲಿಟ್ಟು 29 ಸೆಕೆಂಡು ತಡವಾಗಿ ಗೆರೆಯನ್ನು ಮುಟ್ಟಿದಳು.

ಧೈರ್ಯವು ಆಕೆಗೆ ಕಡಿಮೆಯಿತ್ತೆಂದು ಯಾರು ಹೇಳಾರು? ಬತ್ತಿಹೋದದ್ದು ದೇಹದ ಬಲ. ನಾವು ಉಣ್ಣುವ ಅನ್ನ ರೊಟ್ಟಿಗಳ ಸಾರವು ಸಕ್ಕರೆಯಾಗಿ ಸ್ನಾಯುಗಳಲ್ಲಿಯೂ ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿಯೂ ಕೂಡಿಡಲ್ಪಟ್ಟಿರುತ್ತದೆ. ಎಡೆಬಿಡದೆ ಕಠಿಣವಾಗಿ ದುಡಿದರೆ ಆ ಕಣಜವು ಎರಡು ಮೂರು ತಾಸುಗಳಲ್ಲಿ ಬರಿದಾಗುವದು. ಜೂಲಿಯ ಪಂದ್ಯವೋ ಹನ್ನೊಂದು ತಾಸುಗಳಿಗೂ ಮೀರಿತ್ತು. ಬೆವರಿನೊಡನೆ ನೀರೂ ಉಪ್ಪೂ ಹೋಗುವವು.

ಆದದರಿಂದ ಈಗ ಇದಕ್ಕೆ ಸಿದ್ಧರಾಗುವವರು ತಿಂಗಳುಗಟ್ಟಲೆ ಕಾಲುಗಳನ್ನು ಮಾತ್ರವಲ್ಲ, ಹೊಟ್ಟೆಯನ್ನೂ ಪಳಗಿಸುತ್ತಾರೆ. ಸೈಕಲಿನ ಮೇಲೆಯೇ, ಹಸಿವಾಗುವದಕ್ಕೆ ಮುಂಚೆ, ಸ್ವಲ್ಪಸ್ವಲ್ಪವಾಗಿ ತಿನ್ನುವ ರೂಢಿ ಮಾಡಿಕೊಳ್ಳುತ್ತಾರೆ. ಬಿಸಿಲಲ್ಲಿ ಪೈರು ಕೊಯ್ಯುವವನು ಬುತ್ತಿ ಬಿಚ್ಚಲು ಸಾಯಂಕಾಲದ ವರೆಗೆ ಕಾಯುವನೋ? ನೀರನ್ನಾದರೂ ಬಾಯಾರಿಕೆಗೆ ತಕ್ಕಷ್ಟೇ ಕುಡಿಯತಕ್ಕದ್ದು. ಮಿತಿಮೀರಿ ಕುಡಿದು, ರಕ್ತದ ಉಪ್ಪು ತೆಳುವಾಗಿ, ಪ್ರಾಣ ಕಳೆದುಕೊಂಡ ಓಟಗಾರರೂ ಉಂಟು.