ಬಿಹಾರದ ಬಸುರಿ, ಭದ್ರಾವತಿಯ ಆಸ್ಪತ್ರೆ

ಭದ್ರಾವತಿಗೆ ಗಾರೆ ಕೆಲಸಕ್ಕೆ ಬಂದಿರುವ ಬಿಹಾರದ ಏಳು ತಿಂಗಳ ಬಸುರಿಗೆ ತಾಯಿ ಕಾರ್ಡ್ ಇಲ್ಲ, ಕನ್ನಡವೂ ಬಾರದು. ಇಲ್ಲಿ ನೋಡುತ್ತಾರೆಯೇ ಎಂಬುದು ನೆರೆಮನೆಯವರ ಪ್ರಶ್ನೆ.

ನೋಡಲೇಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ. ಬಡಾವಣೆಯ ಆಶಾ ಕಾರ್ಯಕರ್ತೆಗೆ ಇಂದೇ ತಿಳಿಸಿದರೆ ನೋಂದಣಿಗೆ ದಾರಿಯಾಗುತ್ತದೆ. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಿದ್ದರೆ, ರಕ್ತದೊತ್ತಡ 140/90 ಮುಟ್ಟಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಹೆರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆಗಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು.

ಭಾಷೆಯ ತೊಡಕು ಸಣ್ಣದಲ್ಲ; ತಾಯಿ ಹೇಳುವ ನೋವು ವೈದ್ಯರಿಗೆ ತಲುಪದೆ ಹೋಗಬಹುದು. ಭಾಷೆ ಬಲ್ಲವರ ಮಾತೂ ಕೆಲವೊಮ್ಮೆ ತಲುಪುವುದಿಲ್ಲ. ಸಿರಿವಂತ ಅಮೆರಿಕದಲ್ಲೇ 2022ರಲ್ಲಿ ಕಪ್ಪು ತಾಯಂದಿರ ಮರಣ ಪ್ರಮಾಣ ಬಿಳಿಯರದಕ್ಕಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಹೇಳಿಕೊಂಡ ನೋವಿಗೆ ಕಿವಿಗೊಡದಿರುವುದೂ ಅಲ್ಲಿನ ದೂರುಗಳಲ್ಲೊಂದು.

ಹಿಂದಿ ಬಲ್ಲ ಒಬ್ಬರು ತಪಾಸಣೆಗೆ ಜೊತೆಗೆ ಹೋಗಲಿ. ತೀವ್ರ ತಲೆನೋವು, ಕಣ್ಣು ಮಂಜು, ರಕ್ತಸ್ರಾವ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.