ಹಳೆಯ ಗೇಟ್ ಪಾಸ್ ಎಸೆಯಬೇಡಿ: ಕಲ್ನಾರಿನ ಕಾಯಿಲೆ ಮತ್ತು ಕಾರ್ಮಿಕರ ಹಕ್ಕು

ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಕುಡಿದವರಿಗೆ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನಲವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿರುತ್ತದೆ, ಇಲ್ಲವೇ ಮಾಲೀಕರು ಬದಲಾಗಿರುತ್ತಾರೆ. ಕೆಲಸಕ್ಕೆ ಸೇರಿಸಿದ ಕಂಟ್ರಾಕ್ಟರು ಎಲ್ಲಿದ್ದಾರೋ ಗೊತ್ತಿರುವುದಿಲ್ಲ. ನಮ್ಮ ಕಾನೂನು ಈ ರೋಗವನ್ನು ಹೆಸರಿಟ್ಟು ಗುರುತಿಸಿದೆ, ಪರಿಹಾರವನ್ನೂ ಹೇಳಿದೆ. ಆದರೆ ಆ ಪರಿಹಾರ ಕೈಗೆ ಬರುವುದು ಹಳೆಯ ಕೆಲಸದ ಗುರುತು ಕಾಗದದಲ್ಲಿ ಉಳಿದಿದ್ದವರಿಗೆ ಮಾತ್ರ. ಹಾಗಾಗಿ ಇಂದು ಆರೋಗ್ಯವಾಗಿರುವವರೂ ಇದನ್ನು ಓದಬೇಕು.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ್ದು 1970ರ ದಶಕದಿಂದ. ಆಗ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಅರವತ್ತು ದಾಟಿದೆ. ಆಲಸನತ್ತಂ, ಬಾಗಲೂರು, ಕೆಳಮಂಗಲ, ತಳಿ ಕಡೆಯಿಂದ ಎಷ್ಟೋ ಜನ ಗಡಿ ದಾಟಿ ಬೆಂಗಳೂರಿನ ಕಾರ್ಖಾನೆ, ಗ್ಯಾರೇಜುಗಳಲ್ಲಿಯೂ ದುಡಿದಿದ್ದಾರೆ. ಬ್ರೇಕ್ ಲೈನರ್ ಉಜ್ಜಿದವರು, ಕ್ಲಚ್ ಪ್ಲೇಟಿನ ಧೂಳನ್ನು ಗಾಳಿ ಹೊಡೆದು ತೆಗೆದವರು, ಬಾಯ್ಲರ್ ಪೈಪಿಗೆ ಶಾಖ ತಡೆಯುವ ಹಗ್ಗ ಸುತ್ತಿದವರು, ಸಿಮೆಂಟ್ ಶೀಟು ಕೊಯ್ದು ಮಾಡು ಹೊದಿಸಿದವರು, ಹಳೆಯ ಶೆಡ್ ಒಡೆದವರು ತಾವು ಮುಟ್ಟಿದ ವಸ್ತುವಿನಲ್ಲಿ ಕಲ್ನಾರು ಇತ್ತೇ ಎಂದು ಕೇಳಿಕೊಳ್ಳಬೇಕು. ಎಲ್ಲ ಬಗೆಯ ಕಲ್ನಾರೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. 60ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಬಿಳಿ ಕಲ್ನಾರನ್ನು ಹೊರದೇಶದಿಂದ ತರಿಸಿ ಶೀಟು ಮಾಡುವುದಕ್ಕೆ ಇನ್ನೂ ಅಡ್ಡಿಯಿಲ್ಲ.

ಮೊದಲ ಎಡವಟ್ಟು ಆಗುವುದು ಆಸ್ಪತ್ರೆಯಲ್ಲಿ. ಉಸಿರು ಕಟ್ಟುವುದು, ಒಂದು ಬದಿಯ ಎದೆನೋವು, ಶ್ವಾಸಕೋಶದ ಪೊರೆಯಲ್ಲಿ ನೀರು ತುಂಬುವುದು, ತೂಕ ಇಳಿಯುವುದು ಕ್ಷಯದಲ್ಲೂ ಇವೆ, ಮೀಸೋಥೀಲಿಯೋಮಾದಲ್ಲೂ ಇವೆ. ನಮ್ಮ ಕಡೆ ಕ್ಷಯವೇ ಹೆಚ್ಚು ಕಾಣುವ ರೋಗವಾದ್ದರಿಂದ ವೈದ್ಯರ ಯೋಚನೆ ಮೊದಲು ಅಲ್ಲಿಗೇ ಹೋಗುತ್ತದೆ. ಅವರು ಕೇಳದಿದ್ದರೂ ನೀವೇ ಹೇಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಏನು ಕೆಲಸ, ಎಷ್ಟು ಧೂಳು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬಯಾಪ್ಸಿ ಮಾಡಿದರೆ ವರದಿಯ ಜೊತೆಗೆ ಸ್ಲೈಡು ಮತ್ತು ಅಂಗಾಂಶದ ಬ್ಲಾಕನ್ನೂ ಕೇಳಿ ಪಡೆದು ಜೋಪಾನ ಮಾಡಿ, ಮುಂದೆ ಇನ್ನೊಬ್ಬ ತಜ್ಞರಿಗೆ ತೋರಿಸಲು ಬೇಕಾಗುತ್ತದೆ. ಬೀಡಿ ಸೇದುತ್ತಿದ್ದರು, ಅದಕ್ಕೇ ಬಂತು ಎಂದು ಮಾಲೀಕರ ಕಡೆಯವರು ವಾದಿಸಿದರೆ ಎದೆಗುಂದಬೇಡಿ. ಕಲ್ನಾರಿನ ಜೊತೆ ಬೀಡಿ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ, ನಿಜ. ಆದರೆ ಮೀಸೋಥೀಲಿಯೋಮಾ ಬೀಡಿಯಿಂದ ಬರುವ ರೋಗವಲ್ಲ. ಉದ್ಯೋಗದಿಂದ ಬರುವ ರೋಗಗಳ ಅಧ್ಯಯನಕ್ಕೆಂದೇ ಇರುವ, ಐಸಿಎಂಆರ್‌ಗೆ ಸೇರಿದ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ದೇವನಹಳ್ಳಿ ಕಡೆ ಇದೆ. ಸಂದೇಹವಿದ್ದರೆ ಅಲ್ಲಿಯ ಅಭಿಪ್ರಾಯ ಪಡೆಯುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಹಕ್ಕಿನ ವಿಷಯ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ತೀರ್ಪು ಕೊಟ್ಟಿತು. ಸೇವೆಯಲ್ಲಿರುವಾಗಲೂ ನಿವೃತ್ತಿಯ ನಂತರವೂ ಕಾರ್ಮಿಕನ ಆರೋಗ್ಯ ಮತ್ತು ವೈದ್ಯಕೀಯ ನೆರವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು. ಕಲ್ನಾರು ಬಳಸುವ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. 1990ರಲ್ಲಿ ಸೇರಿ 2018ರಲ್ಲಿ ನಿವೃತ್ತರಾದವರ ದಾಖಲೆ 2033ರವರೆಗೆ ಇರಬೇಕು. ನಿಮ್ಮದು ಅಂಥ ಕಾರ್ಖಾನೆಯಾಗಿದ್ದರೆ ಇಂದೇ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು ದಾಖಲೆಯ ಪ್ರತಿ ಕೇಳಿ. ಉತ್ತರ ಬಾರದಿದ್ದರೂ ಆ ಅಂಚೆ ರಸೀದಿ ಮುಂದೆ ಸಾಕ್ಷಿಯಾಗುತ್ತದೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾ ಸೇರಿದ್ದವು. ಒಬ್ಬ ಮಾಲೀಕರ ಬಳಿ ಸತತ ಆರು ತಿಂಗಳು ಅಂಥ ಕೆಲಸ ಮಾಡಿ, ಕೆಲಸದಲ್ಲಿರುವಾಗಲೇ ರೋಗ ಬಂದರೆ ಅದು ಕೆಲಸದಿಂದಲೇ ಬಂತೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಮಾಲೀಕರದು. ಕೆಲಸ ಬಿಟ್ಟ ಮೇಲೆ ರೋಗ ಬಂದರೆ ಹೊಣೆ ತಿರುಗಿ ಕಾರ್ಮಿಕನ ತಲೆಗೆ ಬರುತ್ತದೆ. ಆ ಕೆಲಸದಿಂದಲೇ ಬಂತೆಂದು ಅವನೇ ರುಜುವಾತು ಮಾಡಬೇಕು. ಮೂವತ್ತು ವರ್ಷ ಬಿಟ್ಟು ಬರುವ ರೋಗಕ್ಕೆ ಇಂಥ ನಿಯಮವಿಟ್ಟಿರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಈ ರೋಗಿಗಳಲ್ಲಿ ಹೆಚ್ಚಿನವರು ಕೆಲಸ ಬಿಟ್ಟವರೇ ಆಗಿರುತ್ತಾರೆ. ಕಾಲಮಿತಿಯೂ ಇದೆ. ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ಲಕ್ಷಣ ಮೊದಲು ಪತ್ತೆಯಾದ ದಿನದಿಂದ ಎರಡು ವರ್ಷ ಎಣಿಸುವ ಅನುಕೂಲವನ್ನು ಆ ಕಾಯ್ದೆ ಕೊಟ್ಟಿದ್ದು ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡವರಿಗೆ ಮಾತ್ರ. ಉಳಿದವರು ತಡವಾದದ್ದಕ್ಕೆ ಸಾಕಷ್ಟು ಕಾರಣವಿದೆ ಎಂದು ಕೋರಬೇಕು. ಅದನ್ನು ಒಪ್ಪುವ ಅಧಿಕಾರ ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರಿಗಿದೆ. ರೋಗದ ಸ್ವಭಾವವೇ ತಡವಾಗಿ ಕಾಣುವುದು ಎಂಬ ವೈದ್ಯರ ಪತ್ರವನ್ನು ಲಗತ್ತಿಸಿ.

ಇದಕ್ಕಾಗಿಯೇ ಕಾಗದ ಬೇಕು ಎನ್ನುವುದು. ಗೇಟ್ ಪಾಸ್, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಸಂಖ್ಯೆ, ಸಂಘದ ಚಂದಾ ರಸೀದಿ, ಆಯುಧಪೂಜೆಯಂದು ಯಂತ್ರದ ಮುಂದೆ ತೆಗೆಸಿಕೊಂಡ ಫೋಟೊ ಎಲ್ಲವೂ ಬೇಕಾಗುತ್ತವೆ. ಜೊತೆಗೆ ದುಡಿದವರು ಬದುಕಿರುವಾಗಲೇ ನೋಟರಿ ಮುಂದೆ ಅವರ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಕಂಟ್ರಾಕ್ಟರ ಕೈಕೆಳಗೆ ದುಡಿದವರೂ ಮೂಲ ಕಾರ್ಖಾನೆಯಿಂದಲೇ ಪರಿಹಾರ ಕೇಳಬಹುದು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪರಿಹಾರ ಮತ್ತು ಇಎಸ್‌ಐ ವಿಷಯಗಳು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ. ನಿಮ್ಮ ಪ್ರಕರಣಕ್ಕೆ ಹಳೆಯದೋ ಹೊಸದೋ ಎಂಬುದನ್ನು ವಕೀಲರು ನೋಡಲಿ, ಅದಕ್ಕೆಂದು ನೀವು ಕಾಯುತ್ತ ಕೂರಬೇಡಿ. ಮೊತ್ತದ ಅಂದಾಜು ಸಿಗಲೆಂದು ಹಳೆಯ ಕಾಯ್ದೆಯ ಲೆಕ್ಕ ಹೇಳುತ್ತೇನೆ. 60 ವರ್ಷದವರಿಗೆ ಗುಣಕ 117.41. ತಿಂಗಳ ಕೂಲಿ 15,000 ರೂಪಾಯಿ ಎಂದಿಟ್ಟುಕೊಂಡರೆ, ಪೂರ್ತಿ ದುಡಿಯಲಾಗದ ಸ್ಥಿತಿಗೆ 10,56,690 ರೂಪಾಯಿ, ಮರಣಕ್ಕೆ 8,80,575 ರೂಪಾಯಿ. ಚಿಕಿತ್ಸೆಗೆ ಆದ ನಿಜವಾದ ಖರ್ಚು ಬೇರೆ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆದರೂ ದುಡ್ಡಿನ ತುರ್ತಿನಲ್ಲಿ ಅಂಥದಕ್ಕೆ ಸಹಿ ಹಾಕಬೇಡಿ.

ಇಎಸ್‌ಐ ವ್ಯಾಪ್ತಿಯವರು ಪರಿಹಾರವನ್ನು ಇಎಸ್‌ಐಯಿಂದಲೇ ಪಡೆಯಬೇಕು, ಎರಡೂ ಕಡೆ ಕೇಳುವಂತಿಲ್ಲ. ದುಡಿಮೆಯ ಶಕ್ತಿ ಎಷ್ಟು ಕುಂದಿದೆ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದ ಮೇಲೆ ತಿಂಗಳ ಭತ್ಯೆ ಬರುತ್ತದೆ. ಕಾರ್ಮಿಕ ತೀರಿಕೊಂಡರೆ ಅವಲಂಬಿತರಿಗೆ ಪಿಂಚಣಿಯುಂಟು. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಆಗುವುದಿಲ್ಲ ಎಂದು ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಒಪ್ಪಬೇಡಿ. ಅದನ್ನೇ ಬರಹದಲ್ಲಿ ಕೊಡಿ ಎನ್ನಿ. ಬರಹವಿದ್ದರೆ ಮೇಲ್ಮನವಿಗೆ ದಾರಿ.

ಗಡಿಯವರಿಗೆ ಮುಖ್ಯವಾದ ಮಾತೊಂದಿದೆ. ಪೀಣ್ಯದಲ್ಲಿ ದುಡಿದವರು ಈಗ ಹೊಸೂರಿನಲ್ಲಿ ವಾಸವಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾರ್ಮಿಕ ಅಥವಾ ಅವಲಂಬಿತರು ವಾಸವಿರುವ ಜಾಗದ ಆಯುಕ್ತರ ಮುಂದೆಯೂ ಅರ್ಜಿ ಹಾಕಬಹುದೆಂದು ಪರಿಹಾರ ಕಾಯ್ದೆಯೇ ಹೇಳಿತ್ತು. ಭಾಷೆಯ ಅಳುಕೂ ಬೇಡ. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಕೃಷ್ಣಗಿರಿ ಕಲೆಕ್ಟರ ಕಚೇರಿಗಾಗಲಿ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕಾಗಲಿ ಕನ್ನಡದಲ್ಲೇ ಬರೆಯಿರಿ. ಕೆಲಸ ಬೇಗ ಆಗಲೆಂದು ತಮಿಳು ಪ್ರತಿಯೊಂದನ್ನು ಜೊತೆಗಿಡಿ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಇದಕ್ಕೆ ಹೊರತು. ಅದನ್ನು ತಮಿಳಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಬರೆದು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರಾಯಿತು. ಕಾರ್ಖಾನೆಯ ಹಳೆಯ ತಪಾಸಣಾ ವರದಿ ಹೊರತೆಗೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ವಕೀಲರ ಶುಲ್ಕದ ಚಿಂತೆಗೆ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರು, ಎಲ್ಲ ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100. ಇಎಸ್‌ಐ ಇಲ್ಲದವರ ಚಿಕಿತ್ಸೆಗೆ ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯಿದೆ. ವರ್ಷದ ಆದಾಯ 1,20,000 ರೂಪಾಯಿ ಮೀರದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಬೆಂಗಳೂರಿನ ಆಸ್ಪತ್ರೆಗೆ ಹೋಗುವುದಾದರೆ ಆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಸೇರುವ ಮೊದಲೇ ಕೇಳಿ.

ಕಾನೂನು ಕೈಬಿಟ್ಟವರೂ ಇದ್ದಾರೆ. ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಹೆಂಡತಿಗೂ ಇದೇ ರೋಗ ಬರಬಹುದು. ಆಕೆ ನೌಕರಳಲ್ಲವಾದ್ದರಿಂದ ಪರಿಹಾರದ ಅನುಸೂಚಿ ಆಕೆಗೆ ಅನ್ವಯಿಸುವುದಿಲ್ಲ, ಸಿವಿಲ್ ದಾವೆಯೊಂದೇ ಉಳಿಯುತ್ತದೆ. ಅದಕ್ಕೂ ಉಚಿತ ವಕೀಲರನ್ನು ಕೇಳುವ ಹಕ್ಕು ಆಕೆಗಿದೆ, ಗಂಡನ ಗೇಟ್ ಪಾಸೇ ಆಕೆಗೂ ಸಾಕ್ಷಿ. ಇನ್ನು ಮನೆಯ ಮೇಲೆ ಹಳೆಯ ಶೀಟು ಇರುವವರು: ಒಡೆಯದೆ, ಕೊರೆಯದೆ ಬಿಟ್ಟಷ್ಟು ದಿನ ಅಪಾಯ ಕಡಿಮೆ. ತೆಗೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ, ಮಕ್ಕಳನ್ನು ದೂರವಿಡಿ, ಒಣಗಸ ಗುಡಿಸಬೇಡಿ. ಬಿಸಾಡಿದ ಕಲ್ನಾರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಯಾವುದಾದರೂ ಕಾರ್ಖಾನೆ ಅದನ್ನು ಕೆರೆಯಂಗಳದಲ್ಲೋ ಖಾಲಿ ಸೈಟಿನಲ್ಲೋ ಸುರಿದರೆ, ಫೋಟೊ ತೆಗೆದು ದಿನಾಂಕ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.